“ತೆಗೆಸಿದ್ರೆ ಆಮೇಲೆ ತಲೆ ಕೆಡ್ತದಂತೆ, ಹೌದಾ ಅಕ್ಕಾ?”

ನಾನು ಆಪ್ತ ಸಮಾಲೋಚಕಿ ಎಂದು ಗೊತ್ತಾದ ಕೂಡಲೇ ಯಾರಾದರೂ ಪಕ್ಕಕ್ಕೆ ಕರೆದು, ದನಿ ಇಳಿಸಿ ಈ ಪ್ರಶ್ನೆ ಕೇಳುತ್ತಾರೆ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಅಂಕೋಲೆಯ ಮದುವೆ ಮನೆಯಲ್ಲಿ, ಊಟದ ಪಂಕ್ತಿ ಏಳುವ ಹೊತ್ತಿಗೆ ಕೇಳಿದ್ದಾರೆ. ತಮ್ಮ ಬಗ್ಗೆ ಅಂತ ಯಾರೂ ಹೇಳುವುದಿಲ್ಲ. ಯಾವಾಗಲೂ “ನಮ್ಮ ಪರಿಚಯದವರೊಬ್ರು ಇದ್ದಾರೆ” ಎಂದೇ ಶುರು. ‘ಗರ್ಭ’ ಎಂಬ ಮಾತೂ ಬಾಯಿಗೆ ಬರುವುದಿಲ್ಲ. “ತೆಗೆಸಿದ್ರೆ” ಎಂದಷ್ಟೇ ಅಂದು ನಿಲ್ಲಿಸುತ್ತಾರೆ.

ತೆಗೆಸಿದ್ದಕ್ಕೇ ತಲೆ ಕೆಟ್ಟವರನ್ನು ನಾನು ಕಂಡಿಲ್ಲ. ದುಃಖಪಟ್ಟವರನ್ನು ಕಂಡಿದ್ದೇನೆ, ಅತ್ತವರನ್ನು ಕಂಡಿದ್ದೇನೆ. ದುಃಖ ಕಾಯಿಲೆಯಲ್ಲ. ಆದರೆ ಬೇಡವೆಂದು ತೀರ್ಮಾನ ಮಾಡಿದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಯಾರಿಗೂ ಹೇಳಲಾಗದೆ ಒಳಗೊಳಗೇ ಕುಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಒಬ್ಬಳ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವಳು ಬಂದಿದ್ದು ನಿದ್ದೆ ಇಲ್ಲ ಎಂದು. ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಹೋದರೆ ಹತ್ತು ಹನ್ನೆರಡು ದಿನ ಸಮುದ್ರದಲ್ಲೇ. ಮನೆಯಲ್ಲಿ ಅತ್ತೆ, ಎರಡು ಸಣ್ಣ ಮಕ್ಕಳು. ಮೊದಲ ಸಲ ತಲೆನೋವು, ನಿದ್ದೆ ಇಷ್ಟೇ ಮಾತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಎದ್ದು ಬಾಗಿಲ ತನಕ ಹೋದವಳು ತಿರುಗಿ ಬಂದು ಕೂತಳು. “ತಿಂಗಳು ನಿಂತದೆ ಅಕ್ಕಾ” ಎಂದಳು.

ಎರಡನೇ ಹೆರಿಗೆ ಆದಮೇಲೆ ಅವಳಿಗೆ ಬಾಣಂತಿ ಸನ್ನಿ ಆಗಿತ್ತು. ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಮಗುವನ್ನು ಎತ್ತಿಕೊಳ್ಳಲು ಹೆದರುತ್ತಿದ್ದಳು. ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದರು. (ನಮ್ಮ ಕಡೆ ‘ಧಾರವಾಡಕ್ಕೆ ಹೋಗಿದ್ರು’ ಎಂದರೆ ಸಾಕು, ಯಾಕೆ ಎಂದು ಯಾರೂ ಕೇಳುವುದಿಲ್ಲ.) ಮಾತ್ರೆಯಿಂದ ಹುಷಾರಾಗಿದ್ದಳು. ಸಣ್ಣ ಮಗುವಿಗೆ ಒಂದೂವರೆ ವರ್ಷವಾಗುವಾಗ ಮತ್ತೆ ಬಸುರಿ. ಇನ್ನೊಂದು ಬಾಣಂತನ ಅವಳ ಕೈಲಿ ಸಾಧ್ಯವಿರಲಿಲ್ಲ. ಅದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೆದರಿಕೆಗೆ ಅವಳು ಮೊದಲು ಮಾಡಿದ್ದೇನು ಗೊತ್ತಾ? ಮಾತ್ರೆ ನಿಲ್ಲಿಸಿದ್ದು. ಒಂದೇ ಸಲಕ್ಕೆ, ಯಾರನ್ನೂ ಕೇಳದೆ.

ನನ್ನ ಹತ್ತಿರ ಬರುವ ಮೊದಲೇ ಒಂದು ಆಸ್ಪತ್ರೆಗೆ ಹೋಗಿದ್ದಳು. ಆಗ ಏಳು ವಾರ. ಅಲ್ಲಿ “ಗಂಡನ್ನ ಕರ್ಕೊಂಡು ಬಾ, ಸಹಿ ಬೇಕು” ಎಂದರು. ಗಂಡ ಸಮುದ್ರದಲ್ಲಿ. ಯಾಕೆ ಬೇಡ ಎಂದು ಕೇಳಿದಾಗ ಅವಳು ನಿಜ ಹೇಳಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು, “ತಲೆ ಸರಿ ಇಲ್ಲ ಅಂತ ಗೊತ್ತಾದ್ರೆ ನಿನ್ನ ಸಹಿ ನಡೆಯೂದಿಲ್ಲ ಮಾರಾಯ್ತಿ” ಎಂದಿದ್ದಳಂತೆ. ಹಾಗಾಗಿ “ಎರಡು ಮಕ್ಕಳು ಸಾಕು” ಎಂದಷ್ಟೇ ಹೇಳಿ ಮನೆಗೆ ಬಂದಳು.

ಆ ಪಕ್ಕದ ಹೆಂಗಸು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನನ್ನನ್ನು ಜಾಸ್ತಿ ಕಾಡುವುದು ಇದೇ. ನಮ್ಮ ದೇಶದ ಗರ್ಭಪಾತ ಕಾಯ್ದೆ 1971ರದ್ದು. ಹೆಂಗಸಿನ ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿಯಾಗುವಂತಿದ್ದರೆ ಗರ್ಭ ತೆಗೆಯಬಹುದು ಎಂದು ಆವತ್ತಿನಿಂದಲೂ ಅದರಲ್ಲಿದೆ. 18 ವರ್ಷ ತುಂಬಿದವಳಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ, ಅಪ್ಪನ ಸಹಿ ಕಾನೂನು ಕೇಳುವುದಿಲ್ಲ. ಆದರೆ ಅದೇ ಕಾಯ್ದೆ, ‘ಮಾನಸಿಕ ಅಸ್ವಸ್ಥೆ’ಯಾದರೆ ಪೋಷಕರ, ಅಂದರೆ ಅವಳನ್ನು ನೋಡಿಕೊಳ್ಳುವವರ, ಲಿಖಿತ ಒಪ್ಪಿಗೆ ಬೇಕು ಎನ್ನುತ್ತದೆ. ಚಿಕಿತ್ಸೆ ಬೇಕಾದ ಯಾವುದೇ ಮಾನಸಿಕ ಕಾಯಿಲೆ ಇದ್ದವರೂ ಆ ಮಾತಿನೊಳಗೆ ಬರಬಹುದು. ಅಂದರೆ ಅವಳ ಕಾಯಿಲೆಯೇ ಅವಳಿಗಿದ್ದ ಗಟ್ಟಿ ಕಾರಣ. ಅದನ್ನು ಬಾಯಿಬಿಟ್ಟು ಹೇಳಿದರೆ ತೀರ್ಮಾನ ಇನ್ನೊಬ್ಬರ ಕೈಗೆ ಹೋದೀತು ಎಂಬ ಭಯ. ಹೇಳದಿದ್ದರೆ ಔಷಧಿ ಇಲ್ಲ, ಆರೈಕೆ ಇಲ್ಲ.

ಮನಸ್ಸಿನ ಚಿಕಿತ್ಸೆ ನಡೆಯುವುದೇ ಮಾತಿನ ಮೇಲೆ. ಸಕ್ಕರೆ ಕಾಯಿಲೆಗೆ ರಕ್ತ ತೆಗೆದು ನೋಡಬಹುದು. ಇದಕ್ಕೆ ಹಾಗಾಗುವುದಿಲ್ಲ, ಅವಳೇ ಹೇಳಬೇಕು. ಎರಡು ಭೇಟಿ ನಾನು ನಿದ್ದೆಗೆ ಏನೇನೋ ಸಲಹೆ ಕೊಟ್ಟೆ. ಮಾತ್ರೆ ಬಿಟ್ಟಿದ್ದಾಳೆ ಎಂದು ಗೊತ್ತಿಲ್ಲ, ಬಸುರಿ ಎಂದು ಗೊತ್ತಿಲ್ಲ. ಆ ಎರಡು ಭೇಟಿ ನನಗೆ ಈಗಲೂ ಸಂಕಟ.

ಗಂಡ ದಡಕ್ಕೆ ಬಂದರು. ಪಾಪ, ಸಹಿ ಹಾಕಲು ಅವರದ್ದೇನೂ ತಕರಾರಿರಲಿಲ್ಲ. ಆಮೇಲೆ ಸ್ಕ್ಯಾನಿಂಗ್ ಬೇಕು, ಡಾಕ್ಟರು ರಜೆ, ಮುಂದಿನ ಸೋಮವಾರ ಬನ್ನಿ. ಒಂಬತ್ತು ವಾರದೊಳಗೆ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದದ್ದು ಹನ್ನೆರಡು ದಾಟಿತು. ಅಷ್ಟರಲ್ಲಿ ಅವಳಿಗೆ ಮತ್ತೆ ಕಿವಿಯಲ್ಲಿ ಮಾತು ಕೇಳಲು ಶುರುವಾಗಿತ್ತು. ಕೊನೆಗೆ ಮನೋವೈದ್ಯರು ನೋಡಿ, ತನ್ನ ತೀರ್ಮಾನ ಏನೆಂದು ಇವಳಿಗೆ ಸರಿಯಾಗಿ ತಿಳಿದಿದೆ ಎಂದು ಬರೆದುಕೊಟ್ಟರು. ಬೇರೆ ಊರಿನಲ್ಲಿ ಕೆಲಸ ಆಯಿತು. ಮನಸ್ಸು ಹದಕ್ಕೆ ಬರಲು ತಿಂಗಳುಗಟ್ಟಲೆ ಹಿಡಿಯಿತು.

ಬೇರೆ ಊರು ಎಂದು ಸುಮ್ನೆ ಬರೆದುಬಿಟ್ಟೆ. ನಮ್ಮ ಜಿಲ್ಲೆಯಲ್ಲಿ ಅದು ಸಣ್ಣ ಮಾತಲ್ಲ. ಏನಾದರೂ ಗಂಭೀರ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೆ ಗೋವಾ. ಶಿರಸಿಯ ಹೆಂಗಸು ಹುಬ್ಬಳ್ಳಿ ಬಸ್ ಹತ್ತಿದರೆ ಹತ್ತು ಜನ ಯಾಕೆ ಎಂದು ಕೇಳುತ್ತಾರೆ. ಕಣ್ಣು ತೋರಿಸಲಿಕ್ಕೆ ಎಂದು ಸುಳ್ಳು ಹೇಳಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತುಹೋಗಿತ್ತಲ್ವಾ? ಇನ್ನು ಹತ್ತಿರದ ಆಸ್ಪತ್ರೆಗೇ ಹೋಗೋಣ ಎಂದರೆ ಅಲ್ಲಿ ಚೀಟಿ ಬರೆಯುವವರು ನಮ್ಮ ಕೇರಿಯವರೇ ಆಗಿರುತ್ತಾರೆ. ಗರ್ಭ ತೆಗೆಸಿದವಳ ಹೆಸರನ್ನು ಡಾಕ್ಟರು ಹೊರಗೆ ಬಿಟ್ಟರೆ ಒಂದು ವರ್ಷದ ತನಕ ಜೈಲು, ಇಲ್ಲವೆ ದಂಡ, ಅಥವಾ ಎರಡೂ ಎಂದು 2021ರ ತಿದ್ದುಪಡಿ ಹೇಳುತ್ತದೆ. ಇದನ್ನು ಹೇಳಿದಾಗ ಹೆಂಗಸರು ನನ್ನ ಮುಖವನ್ನೇ ನೋಡುತ್ತಾರೆ.

ಡಾಕ್ಟರೂ ಹೆದರುತ್ತಾರೆ, ಅದನ್ನೂ ಹೇಳಬೇಕು. 2012ರಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡ ನಮ್ಮ ಬೆಳಗಾವಿ ಕಡೆಯ ಸವಿತಾ ಹಾಲಪ್ಪನವರ್ ನೆನಪಿದ್ದಾರಾ? ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದೂ, ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ತೆಗೆಯಲಿಲ್ಲ. ನಂಜೇರಿ ತೀರಿಕೊಂಡರು. ಆ ದೇಶದ ಜನ 2018ರಲ್ಲಿ ಮತ ಹಾಕಿ ಗರ್ಭಪಾತದ ಮೇಲಿದ್ದ ನಿಷೇಧವನ್ನು ತೆಗೆದರು. ನಮ್ಮಲ್ಲಿ ಡಾಕ್ಟರ ಹೆದರಿಕೆಗೆ ಕಾರಣ ಬೇರೆ. 2023ರ ಕೊನೆಗೆ ಮಂಡ್ಯದ ಆಲೆಮನೆಯ ಭ್ರೂಣಲಿಂಗ ಪತ್ತೆ ದಂಧೆ ಹೊರಬಿತ್ತು. ಹೆಣ್ಣು ಭ್ರೂಣ ಎಂದು ಹುಡುಕಿ ಕೊಲ್ಲುವುದು ಘೋರ ಅಪರಾಧ, ಅದನ್ನು ತಡೆಯಲು 1994ರ ಬೇರೆ ಕಾಯ್ದೆಯೇ ಇದೆ. ಆದರೆ ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ, ಏಳು ವಾರಕ್ಕೆ ಬಂದ ಹೆಂಗಸನ್ನೂ ಕಳ್ಳಿಯ ಹಾಗೆ ನೋಡುತ್ತಾರೆ. ಏಳು ವಾರಕ್ಕೆ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಕಾಣುವುದೇ ಇಲ್ಲ.

ತಲೆ ಕೆಡುತ್ತದಾ ಎಂಬ ಪ್ರಶ್ನೆಯನ್ನೇ ಹಿಡಿದು ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿದೆ. ಗರ್ಭಪಾತ ಸಿಕ್ಕವರು, ವಾರ ಮೀರಿತು ಎಂದು ವಾಪಸ್ ಕಳಿಸಲ್ಪಟ್ಟವರು, ಸೇರಿ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ವಿಚಾರಿಸುತ್ತಾ ಹೋದರು. ಶುರುವಿನಲ್ಲಿ ಆತಂಕ ಜಾಸ್ತಿ ಇದ್ದದ್ದು, ತನ್ನ ಮೇಲೇ ತನಗೆ ಗೌರವ ಕಮ್ಮಿಯಾಗಿದ್ದು ವಾಪಸ್ ಕಳಿಸಲ್ಪಟ್ಟವರಲ್ಲಿ. ಕಾಲ ಕಳೆದ ಹಾಗೆ ಇಬ್ಬರ ನಡುವಿನ ಆ ಅಂತರ ಕರಗಿತು, ನಿಜ. ಗರ್ಭಪಾತ ಮಾಡಿಸಿಕೊಂಡವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಐದು ವರ್ಷದ ಮೇಲೂ ಸರಿಯಾದ ತೀರ್ಮಾನವನ್ನೇ ಮಾಡಿದ್ದೆವು ಎಂದರು. ಅಂತರ ಕರಗುತ್ತದೆ ಎಂದು ಓದುವುದು ಸುಲಭ. ಕರಗುವ ತನಕದ ತಿಂಗಳುಗಳನ್ನು ಒಬ್ಬಳು ಬದುಕಬೇಕಲ್ಲ?

ನಮ್ಮ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಒಳ್ಳೆಯ ತೀರ್ಪು ಕೊಟ್ಟಿತು. ಕೆಲವು ಹೆಂಗಸರಿಗೆ 24 ವಾರದ ತನಕ ಗರ್ಭ ತೆಗೆಸಲು ಇರುವ ಅವಕಾಶ ಮದುವೆಯಾಗದವರಿಗೂ ಅನ್ವಯಿಸುತ್ತದೆ ಎಂದಿತು. ಮಾನಸಿಕ ಆರೋಗ್ಯ ಎಂದರೆ ಕಾಯಿಲೆಯ ಹೆಸರಷ್ಟೇ ಅಲ್ಲ ಎಂದೂ ಹೇಳಿತು. 18 ತುಂಬದ ಹುಡುಗಿ ಮತ್ತು ಅವಳ ಮನೆಯವರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಡಾಕ್ಟರು ಅವಳ ಹೆಸರು ಬರೆಯಬೇಕಿಲ್ಲ. ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ ಅದೇ ಕೋರ್ಟಿಗೆ ಇನ್ನೊಬ್ಬ ತಾಯಿ ಹೋದಳು. ಎರಡು ಮಕ್ಕಳು, ಹೆರಿಗೆಯ ನಂತರದ ಮಾನಸಿಕ ಕಾಯಿಲೆ, ಮಾತ್ರೆ ನಡೆಯುತ್ತಿತ್ತು. ಮಗುವಿಗೆ ಹಾಲೂಡಿಸುವಾಗ ಮುಟ್ಟು ಬರದ ಕಾರಣ ಬಸುರಿ ಎಂದು ಗೊತ್ತಾಗುವಾಗಲೇ ತಡವಾಗಿತ್ತು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರು ಆ ತಾಯಿಯ ತೀರ್ಮಾನವನ್ನು ಗೌರವಿಸಬೇಕು ಎಂದರು. ಕೊನೆಗೆ ಮೂವರ ಪೀಠ, 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ ಎಂದು ಅನುಮತಿ ಕೊಡಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಕಣ್ಣ ಮುಂದೆ ಬಂದದ್ದು ನನ್ನ ಬಾಗಿಲಿಂದ ತಿರುಗಿ ಬಂದ ಆ ಹುಡುಗಿ.

ಹಾಗಾಗಿ “ಪರಿಚಯದವರೊಬ್ರು” ಎಂದು ಕೇಳುವವರಿಗೆ ನಾನು ಈಗ ಮೊದಲು ಹೇಳುವುದು ಇಷ್ಟು. ಮನಸ್ಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಬೇಡಿ ಎನ್ನಿ. ವಾಲ್‌ಪ್ರೊಯೇಟ್‌ನಂಥ ಕೆಲವು ಮಾತ್ರೆ ಬಸುರಿನಲ್ಲಿ ಅಪಾಯ, ಅದನ್ನು ಡಾಕ್ಟರು ಬೇಗ ಬದಲಿಸಬೇಕು. ಆದ್ದರಿಂದಲೇ ಕಾಯದೆ ಹೋಗಿ ಹೇಳಬೇಕು. ಊರಲ್ಲಿ ಯಾರಿಗೂ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಸಲ ಜೂನ್‌ನಲ್ಲಿ ಮೀನುಗಾರಿಕೆ ಬಂದ್ ಆದಾಗ ಅವಳ ಗಂಡ ಊರಲ್ಲಿದ್ದರು. ಇಬ್ಬರೂ ಒಟ್ಟಿಗೆ ಬಂದಿದ್ದರು, ಕಾಪರ್-ಟಿ ಬಗ್ಗೆ ಕೇಳಲಿಕ್ಕೆ. ಹೊರಡುವಾಗ ಅವರು ನಿಂತು, “ಆ ಮೊದಲಿನ ಆಸ್ಪತ್ರೆಯಲ್ಲಿ ನನ್ನ ಸಹಿ ಬೇಕೇ ಬೇಕಿತ್ತಾ ಅಕ್ಕಾ?” ಎಂದು ಕೇಳಿದರು. ಇರಲಿಲ್ಲ, ಕಾಯಿಲೆಯ ವಿಷಯ ಆಸ್ಪತ್ರೆಯವರಿಗೆ ಗೊತ್ತೂ ಇರಲಿಲ್ಲ, ಮದುವೆಯಾದವಳು ಅಂತ ಕೇಳಿದ್ದಷ್ಟೇ ಎಂದೆ. ಅವರು ಹೆಂಡತಿಯ ಕಡೆ ನೋಡಿದರು. “ಮತ್ತೆ ಆ ಒಂದು ತಿಂಗಳು ಇವಳನ್ನ ಯಾಕೆ ಕಾಯಿಸಿದ್ರು?” ಎಂದರು.