ಭೂಕಂಪದಲ್ಲಿ ದೇವರಿರಲಿಲ್ಲ ಎಂದ ಮಾಸ್ತರು

ನಮ್ಮ ಕನ್ನಡ ಮಾಸ್ತರು ಈ ಶ್ರಾವಣದಲ್ಲಿ ತೀರಿಕೊಂಡರು. ಬೀದರಿನ ಮಂಗಲಪೇಟದ ಚರ್ಚಿನಲ್ಲಿ ವಿಭೂತಿ ಹಚ್ಚಿದವರೂ ಟೋಪಿ ಹಾಕಿದವರೂ ಒಟ್ಟಿಗೆ ನಿಂತು ಅವರನ್ನು ಕಳಿಸಿಕೊಟ್ಟೆವು. ಅವರು ಕಲಿಸಿದ ಹಳಗನ್ನಡ ಪದ್ಯಗಳಲ್ಲಿ ಇಂದು ನನಗೆ ಒಂದೂ ಪೂರ್ತಿ ಬರುವುದಿಲ್ಲ. ಬೆಳಗಿನ ಪ್ರಾರ್ಥನೆಗೆ ಓದಿದ ಒಂದು ಅಧ್ಯಾಯ ಮಾತ್ರ ಹಾಗೇ ಉಳಿದಿದೆ.

ಅದಕ್ಕೂ ಮೊದಲು ಲಂಗರಿನ, ಅಂದರೆ ಸಿಖ್ಖರ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಪುಕ್ಕಟೆ ಊಟದ ಕಥೆ ಹೇಳಲೇಬೇಕು. ಹಾಸ್ಟೆಲಿನ ತೆಳು ಬ್ಯಾಳಿ ಸಾಕಾಗಿ ನಾವು ಕೆಲವರು ರಾತ್ರಿ ಗೋಡೆ ಹಾರಿ ನಾನಕ್ ಝೀರಾ ಗುರುದ್ವಾರಕ್ಕೆ ಹೋಗುತ್ತಿದ್ದೆವು. ತಲೆಗೆ ಕರ್ಚೀಫು ಕಟ್ಟಿಕೊಂಡು ಪಂಕ್ತಿಯಲ್ಲಿ ಕೂತರೆ ಬಿಸಿ ರೊಟ್ಟಿ, ದಾಲು, ಕೇಳಿದಷ್ಟು. ಒಂದು ರಾತ್ರಿ ತಿರುಗಿ ಬಂದು ಗೋಡೆ ಇಳಿದರೆ ಈಚೆ ಮಾಸ್ತರು ಸೈಕಲ್ ಹಿಡಿದು ನಿಂತಿದ್ದಾರೆ.

"ಹೊಟ್ಟಿ ತುಂಬ್ತೇನ್ರೋ?"

ಯಾರಿಗೂ ಬಾಯಿ ಬರಲಿಲ್ಲ. "ಬರೇ ಉಂಡು ಬಂದ್ರ ಆಗ್ತದೇನು? ಭಾನುವಾರ ಹೋಗಿ ತಾಟು ತೊಳದು ಬರ್ರಿ" ಎಂದರು. ಆ ಭಾನುವಾರ ಚರ್ಚು ಮುಗಿಸಿ ಅವರೂ ಬಂದರು. ತೋಳು ಮಡಚಿ ನಮ್ಮ ಪಕ್ಕದಲ್ಲೇ ಕೂತು ತಾಟು ತಿಕ್ಕಿದರು. ಮುಂದಿನ ವಾರದಿಂದ ಹಾಸ್ಟೆಲಿನ ಬ್ಯಾಳಿ ಗಟ್ಟಿಯಾಯಿತು. ಯಾರ ಹತ್ತಿರ ಏನು ಮಾತಾಡಿದರೋ, ನಮಗೆ ಹೇಳಲಿಲ್ಲ.

1993ರ ಸೆಪ್ಟೆಂಬರ್ 30. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಊರು ದಣಿದು ಮಲಗಿತ್ತು. ನಸುಕಿನ ನಾಲ್ಕು ಹೊಡೆಯುವ ಮೊದಲು ಮಂಚದಡಿಯ ಟ್ರಂಕುಗಳು ಗಡಗಡ ಅಲುಗಿದವು. ಓಡಿ ಬಯಲಿಗೆ ಬಂದೆವು. ಬೆಳಗಾದ ಮೇಲೆ ರೇಡಿಯೊದಲ್ಲಿ ಕಿಲ್ಲಾರಿ ಎಂದರು. ಗಡಿಯಾಚೆ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹಳ್ಳಿಗೆ ಹಳ್ಳಿಯೇ ನೆಲಕಚ್ಚಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಮಲಗಿದ್ದವರ ಮೇಲೆಯೇ ಕುಸಿದು ಹತ್ತಿರ ಹತ್ತಿರ 10,000 ಜನ ಸತ್ತರು. ನಮ್ಮ ಅಕ್ಕನನ್ನು ಕೊಟ್ಟಿದ್ದು ಉಮರ್ಗಾ ತಾಲ್ಲೂಕಿಗೆ. ಅಕ್ಕ, ಭಾವ ಉಳಿದರು. ಅವಳ ಕೂಸು ಮತ್ತು ಅತ್ತೆ ಮಾಳಿಗೆಯಡಿ ಹೋದರು.

ಎಲ್ಲಿ ನೋಡಿದರೂ ಒಂದೇ ಮಾತು: ಪಾಪ ಹೆಚ್ಚಾತು, ದೇವರು ಮುನದಾನ. ಎದೆಹಾಲು ಬಿಡದ ಕೂಸು ಮಾಡಿದ ಪಾಪ ಯಾವುದು ಎಂದು ನನ್ನ ಒಡಲು ಕುದಿಯುತ್ತಿತ್ತು.

ಶಾಲೆ ಮತ್ತೆ ಶುರುವಾದ ದಿನ ಮಾಸ್ತರು ಬಯಲಲ್ಲೇ ಪ್ರಾರ್ಥನೆ ಇಟ್ಟರು. ಕಂದು ಕಾಗದದ ಹೊದಿಕೆ ಹಾಕಿದ ಅವರ ಬೈಬಲ್‌ನ ಅಂಚುಗಳಿಗೆ ನಮ್ಮೂರ ಕೆಂಪು ಮಣ್ಣಿನ ಬಣ್ಣ ಹತ್ತಿತ್ತು. ಒಂದನೆಯ ಅರಸುಗಳ 19ನೇ ಅಧ್ಯಾಯ ತೆಗೆದರು. ಪ್ರವಾದಿ ಎಲೀಯ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡುತ್ತಾನೆ, ಗಿಡದಡಿ ಕೂತು ಸಾವು ಬೇಡುತ್ತಾನೆ. ಕಡೆಗೆ ಹೋರೇಬ್ ಬೆಟ್ಟ ಮುಟ್ಟುತ್ತಾನೆ. ಅಲ್ಲಿ ಬಂಡೆ ಒಡೆಯುವ ಗಾಳಿ ಬೀಸುತ್ತದೆ, ಅದರಲ್ಲಿ ಯೆಹೋವನಿಲ್ಲ. ಆಮೇಲೆ ಭೂಕಂಪ. ಅದರಲ್ಲೂ ಯೆಹೋವನಿಲ್ಲ. ಈ ಸಾಲು ಬಂದಾಗ ಮಾಸ್ತರು ನಿಂತರು, ಇನ್ನೊಮ್ಮೆ ಓದಿದರು. ಬೆಂಕಿಯಲ್ಲೂ ಆತನಿಲ್ಲ. ಎಲ್ಲ ಮುಗಿದ ಮೇಲೆ ಒಂದು ಮೆಲ್ಲನೆಯ ದನಿ.

ನನ್ನ ಎದೆಯ ಮೇಲಿನ ಕಲ್ಲು ಸರಿಯಿತು. ನಮ್ಮದು ಲಿಂಗಾಯತ ಮನೆ, ಇಷ್ಟಲಿಂಗ ಪೂಜೆ ನನಗೆ ಇಂದಿಗೂ ತಪ್ಪಿಲ್ಲ, ಮಾಸ್ತರು ಅದನ್ನು ಬಿಡು ಎಂದು ಒಂದು ಮಾತೂ ಆಡಿದವರಲ್ಲ. ಅಂಥ ನನಗೆ ಬೇಕಾಗಿದ್ದ ಮಾತು ನಾನು ನೆನಸದ ಗ್ರಂಥದಿಂದ ಬಂತು. ಮುಂದೆ ನಾನೇ ಓದಿದೆ. ದೇವರು ಇಳಿದು ಬಂದಾಗ ಸೀನಾಯಿ ಬೆಟ್ಟ ನಡುಗಿತು ಎಂದು ವಿಮೋಚನಕಾಂಡ ಹೇಳುತ್ತದೆ. ಹೋರೇಬ್ ಎಂದರೂ ಅದೇ ಬೆಟ್ಟ ಎನ್ನುತ್ತಾರೆ. ಅದೇ ಬೆಟ್ಟದ ಮೇಲೆ ಎಲೀಯನಿಗೆ ನಡುಕದಲ್ಲಿ ದೇವರು ಸಿಗಲಿಲ್ಲ ಎಂದು ತಿಳಿದಾಗ ಆ ಸಾಲಿನ ತೂಕ ನನಗೆ ಇನ್ನೂ ಹೆಚ್ಚಾಯಿತು.

ಊರಿಗೆ ಹೊರಟಾಗ, ಅಕ್ಕನಿಗೆ ಏನು ಹೇಳಲಿ ಸರ್ ಎಂದು ಕೇಳಿದೆ.

"ಏನೂ ಹೇಳಬ್ಯಾಡ ತಮ್ಮಾ. ದೇವದೂತ ಎಲೀಯಗ ಉಪದೇಶ ಮಾಡ್ಲಿಲ್ಲ. ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ಕುಡಿಲಾಕ ನೀರು ಇಟ್ಟ. ಅಂವ ಉಂಡು ಮತ್ತ ಮಲಗಿದ. ಎಬ್ಬಿಸಿ ಮತ್ತ ಉಣಸ್ದ. ದಾರಿ ಭಾಳ ದೂರ ಅದ ಅಂದ. ನಿಮ್ಮ ಅವ್ವಗ ಇಷ್ಟು ಹೇಳು."

ಅವ್ವ ಹಾಗೇ ಮಾಡಿದಳು. ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟಳು, ಅಕ್ಕ ಎಷ್ಟು ಹೊತ್ತು ಮಲಗಿದರೂ ಎಬ್ಬಿಸಲಿಲ್ಲ. ಯಾರಾದರೂ ಕರ್ಮ, ಪಾಪ ಎಂದು ಶುರು ಮಾಡಿದರೆ ಅಂಗಳದಿಂದಲೇ ಕಳಿಸಿದಳು. ಚಳಿ ಬೀಳುವ ಹೊತ್ತಿಗೆ ಅಕ್ಕ ತಾನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು.

ನಾನು ಸಿವಿಲ್ ಎಂಜಿನಿಯರ್ ಆದದ್ದಕ್ಕೆ ಆ ಮಾಳಿಗೆಯೇ ಕಾರಣ. ನನ್ನ ಉಸ್ತುವಾರಿಯಲ್ಲಿ ಎದ್ದ ಶಾಲೆಗಳಲ್ಲಿ ಬಾಗಿಲ ಮೇಲ್ಮಟ್ಟಕ್ಕೆ ಸುತ್ತಲೂ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಪಟ್ಟಿ ಇಲ್ಲದ ಕೋಣೆ ಒಂದೂ ಇಲ್ಲ. ಗುತ್ತಿಗೆದಾರರು ಗೊಣಗಿದರೂ ಬಿಟ್ಟವನಲ್ಲ, ಅದು ನನ್ನ ಹೆಮ್ಮೆ. ಈಗ ನೀಟ್ ತಯಾರಿಗೆಂದು ದೂರದೂರದ ಮಕ್ಕಳು ಬೀದರಿಗೆ ಬರುತ್ತಾರೆ, ಒಳ್ಳೆಯದೇ. ಆದರೆ ಮನೆಯಲ್ಲಿ ಸಾವಾಗಿ ಬಂದ ಹುಡುಗನ ಪಕ್ಕ ಕೂರಲು ಯಾವ ಮಾಸ್ತರಿಗೆ ಪುರುಸೊತ್ತಿದೆ? ಟೆಸ್ಟಿನ ಅಂಕ ತಕ್ಷಣ ಅಪ್ಪನ ಮೊಬೈಲಿಗೆ ಹೋಗುತ್ತದೆ. ಹುಡುಗ ಉಂಡನೋ ಇಲ್ಲವೋ ಕೇಳುವವರಿಲ್ಲ.

ನಾನೊಬ್ಬನೇ ಉಳಿದೆ ಎಂದು ಎಲೀಯ ಗೋಳಾಡಿದಾಗ, ಇಸ್ರಾಯೇಲಿನಲ್ಲಿ ಇನ್ನೂ 7,000 ಜನ ಇದ್ದಾರೆ, ಬಂದ ದಾರಿ ಹಿಡಿದು ಹೋಗು ಎಂಬ ಉತ್ತರ ಬರುತ್ತದೆ. ಅಕ್ಕನೂ ಭಾವನ ಜೊತೆ ಉಮರ್ಗಾ ಕಡೆಗೇ ಹಿಂತಿರುಗಿದಳು. ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿ, ಇನ್ನಿಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದಳು. ಮಾಸ್ತರು ಹೋದರೆಂದು ಫೋನ್ ಮಾಡಿದಾಗ ಅವಳು ಮೊದಲು ಕೇಳಿದ್ದು, "ಅವರ ಮನ್ಯಾಗ ಒಲಿ ಹಚ್ಯಾರೇನು?" ಸಂಜೆ ಬಸ್ಸಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಳು. ಇಬ್ಬರೂ ಕೂಡಿ ಮಾಸ್ತರ ಮನೆಗೆ ಹೋದೆವು.