ನನ್ನ 67ರ ಗಿಬ್ಸನ್ 335, ಅದರ ಹಟ

ಹೋದ ಶನಿವಾರ ಬೆಳಗ್ಗೆ ಶುರು ಮಾಡಿದ ಕೆಲಸ ಭಾನುವಾರ ಸಂಜೆ ಮುಗೀತು. ಕೆಲಸ ಏನಪ್ಪಾ ಅಂದ್ರೆ ಗಿಟಾರಿನ ಒಂದೇ ಒಂದು ವಾಲ್ಯೂಮ್ ಪಾಟ್, ಅಂದ್ರೆ ದನಿ ಹೆಚ್ಚು ಕಡಿಮೆ ಮಾಡೋ ಗುಂಡಿಯ ಕೆಳಗಿನ ಭಾಗ, ಬದಲಾಯಿಸೋದು. ತಿರುಗಿಸಿದ್ರೆ ಕರಕರ ಅಂತಿತ್ತು. ಬೇರೆ ಎಲೆಕ್ಟ್ರಿಕ್ ಗಿಟಾರಲ್ಲಿ ಇದು ಅರ್ಧ ಗಂಟೆ, ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಹಳೇದನ್ನ ಕಿತ್ತು ಹೊಸದಕ್ಕೆ ಸೋಲ್ಡರ್ ಹಾಕಿದ್ರೆ ಮುಗೀತು. ನನ್ನದು ಗಿಬ್ಸನ್ ಇಎಸ್-335, ಇದಕ್ಕೆ ಹಿಂದೆ ಮುಚ್ಚಳಾನೇ ಇಲ್ಲ. ನಾಲ್ಕು ಪಾಟು, ಒಂದು ಸ್ವಿಚ್ಚು, ಒಂದು ಜ್ಯಾಕು, ಎಲ್ಲಾ ಒಂದೇ ವೈರಿನ ಸರಪಳಿ ಥರ ಹೊಟ್ಟೆಯೊಳಗಿದೆ, ಹೊರಗೆ ತೆಗೀಬೇಕು ಅಂದ್ರೆ ವಯೊಲಿನ್ ಮೇಲಿರುತ್ತಲ್ಲ ಆ ಥರದ ಎಫ್ ಹೋಲ್ ಒಂದೇ ದಾರಿ.

ಹೇಗೆ ಮಾಡ್ಬೇಕು ಅಂದ್ರೆ, ಮೊದಲು ಅಕ್ವೇರಿಯಂಗೆ ಹಾಕೋ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ತಂದು ಒಂದೊಂದು ಪಾಟಿನ ಕಡ್ಡಿಗೂ ಒಂದೊಂದು ತುಂಡು ಬಿಗಿಯಾಗಿ ತುರುಕಬೇಕು, ಆಮೇಲೆ ನಟ್ ಬಿಚ್ಚಿ ಪಾಟನ್ನ ಒಳಗೆ ಬೀಳಿಸಿ ಎಫ್ ಹೋಲಿಂದ ಮೆಲ್ಲಗೆ ಹೊರಗೆಳೀಬೇಕು, ಟ್ಯೂಬಿನ ಇನ್ನೊಂದು ತುದಿ ಮೇಲಿನ ತೂತಲ್ಲೇ ಉಳಿದಿರುತ್ತೆ, ವಾಪಸ್ ಹಾಕುವಾಗ ಅದನ್ನ ಹಿಡಿದು ಎಳೆದ್ರೆ ಪಾಟ್ ತನ್ನ ಜಾಗಕ್ಕೆ ಬಂದು ಕೂರುತ್ತೆ. ಬರೆಯೋಕೆ ಸುಲಭ. ಐವತ್ತು ವರ್ಷ ದಾಟಿದ ವೈರು, ಎಲ್ಲಿ ತುಂಡಾಗುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಮಾಡ್ಬೇಕು. ಎಫ್ ಹೋಲಿನ ಅಂಚು ಕೂಡ ಬರೀ ತೆಳ್ಳನೆ ಪ್ಲೈವುಡ್, ಜೋರು ಮಾಡಿದ್ರೆ ಚಕ್ಕೆ ಏಳುತ್ತೆ. ಅದಕ್ಕೇ ಅಂಚಿಗೆಲ್ಲಾ ಟೇಪ್ ಅಂಟಿಸ್ಕೊಂಡು ಕೂತಿದ್ದೆ.

ಆದ್ರೆ ಆ ಪಾಟ್ ಹೊರಗೆ ಬಂದಾಗ ಆದ ಖುಷಿ ಬೇರೇನೇ. ಅದರ ಬೆನ್ನಿನ ಮೇಲೆ ಅಚ್ಚು ಹಾಕಿತ್ತು, 137 6711. 137 ಅಂದ್ರೆ ಸಿಟಿಎಸ್ ಕಂಪನಿಯ ನಂಬರು, 67 ಇಸವಿ, 11 ವಾರ. ಅಂದ್ರೆ 1967ರ ಮಾರ್ಚಲ್ಲಿ ಮಾಡಿದ ಪಾಟು, ಪಾಟು ಮೂಲದ್ದೇ ಆಗಿದ್ರೆ ಗಿಟಾರು ಅದಕ್ಕಿಂತ ಮೊದಲಿನದಾಗಿರೋಕೆ ಸಾಧ್ಯ ಇಲ್ಲ. ನನಗೆ ಇದನ್ನ ಮಾರಿದ ಅಜ್ಜ 66 ಇರಬೇಕು ಅಂದಿದ್ರು. ಸೀರಿಯಲ್ ನಂಬರ್ ನೋಡಿ ಹೇಳೋಣ ಅಂದ್ರೆ ಗಿಬ್ಸನ್‌ನೋರು ಅರವತ್ತರ ದಶಕದಲ್ಲಿ ಒಂದೇ ನಂಬರನ್ನ ಬೇರೆ ಬೇರೆ ವರ್ಷ ಮತ್ತೆ ಮತ್ತೆ ಹಾಕಿದ್ದಾರೆ, ಅದನ್ನ ಮಾತ್ರ ನಂಬ್ಕೊಂಡ್ರೆ ತಪ್ಪು ದಾರಿ. ಆ ಹಳೇ ಪಾಟನ್ನ ಬಿಸಾಕಿಲ್ಲ, ಜಿಪ್ ಕವರಿಗೆ ಹಾಕಿ ಕೇಸಲ್ಲಿ ಇಟ್ಟಿದ್ದೀನಿ, ಅದು ಈ ಗಿಟಾರಿನ ಜನ್ಮಪತ್ರ.

ನಾನಿರೋದು ಡೆಟ್ರಾಯಿಟ್ ಪಕ್ಕ. ಇಲ್ಲಿಂದ ಎರಡೂವರೆ ಗಂಟೆ ಪಶ್ಚಿಮಕ್ಕೆ ಡ್ರೈವ್ ಮಾಡಿದ್ರೆ ಕಲಮಜೂ, ಈ ಗಿಟಾರು ಹುಟ್ಟಿದ ಊರು. ಪಾರ್ಸನ್ಸ್ ಸ್ಟ್ರೀಟಲ್ಲಿ ಇಟ್ಟಿಗೆಯ ಹಳೇ ಫ್ಯಾಕ್ಟರಿ, 1984ರಲ್ಲಿ ಗಿಬ್ಸನ್ ಅದನ್ನ ಮುಚ್ಚಿ ಪೂರ್ತಿ ನ್ಯಾಶ್‌ವಿಲ್‌ಗೆ ಹೋಯ್ತು, ಊರು ಬಿಡೋಕೆ ಮನಸ್ಸಿಲ್ಲದ ಕೆಲವು ಕೆಲಸಗಾರರು ಮರುವರ್ಷ ಅದೇ ಕಟ್ಟಡದಲ್ಲಿ ಹೆರಿಟೇಜ್ ಅನ್ನೋ ಹೆಸರಲ್ಲಿ ಮತ್ತೆ ಗಿಟಾರ್ ಮಾಡೋಕೆ ಶುರು ಮಾಡಿದ್ರು. ಅವರ ಬಗ್ಗೆ ನನಗೆ ತುಂಬಾ ಗೌರವ.

335 ಬಂದಿದ್ದು 1958ರಲ್ಲಿ. ಆಗ ಗಿಬ್ಸನ್ನಿನ ಮುಖ್ಯಸ್ಥ ಟೆಡ್ ಮೆಕಾರ್ಟಿ. ಅಲ್ಲಿವರೆಗೂ ಎರಡೇ ದಾರಿ ಇತ್ತು, ಪೂರ್ತಿ ಟೊಳ್ಳು ಗಿಟಾರು ಅಥವಾ 1952ರ ಲೆಸ್ ಪಾಲ್ ಥರ ಪೂರ್ತಿ ಗಟ್ಟಿ ಮರ. ಟೊಳ್ಳಿನದು ದನಿ ಮೆತ್ತಗೆ ತುಂಬಿಕೊಂಡಿರುತ್ತೆ, ಆದ್ರೆ ಆಂಪ್ (ದನಿ ಹೆಚ್ಚಿಸೋ ಪೆಟ್ಟಿಗೆ) ಜೋರು ಮಾಡಿದ್ರೆ ಊಳಿಡುತ್ತೆ. ಗಟ್ಟಿ ಮರದ್ದು ಊಳಿಡಲ್ಲ, ಆದ್ರೆ ಆ ಉಸಿರು ಇರಲ್ಲ. ಮೆಕಾರ್ಟಿ ಟೀಮು ಮಾಡಿದ್ದೇನು ಅಂದ್ರೆ, 16 ಇಂಚು ಅಗಲದ ತೆಳು ಟೊಳ್ಳು ಬಾಡಿ ಮಾಡಿ, ನಡುವೆ ಕತ್ತಿಂದ ಕೆಳಗಿನವರೆಗೂ ಒಂದು ಮೇಪಲ್ ಮರದ ದಿಮ್ಮಿ ಇಟ್ರು, ತಂತಿಯ ಅಲುಗಾಟ ಹಿಡಿಯೋ ಪಿಕಪ್ಪು, ತಂತಿ ಆನಿಸೋ ಬ್ರಿಡ್ಜು ಎಲ್ಲಾ ಆ ದಿಮ್ಮಿ ಮೇಲೆ, ಎರಡೂ ರೆಕ್ಕೆ ಮಾತ್ರ ಖಾಲಿ. ಗಿಟಾರಿಸ್ಟ್ ಲೆಸ್ ಪಾಲ್ ಅವರೇ 1940ರ ಸುಮಾರಿಗೆ ನಾಲ್ಕಿಂಚು ಚೌಕದ ಪೈನ್ ದಿಮ್ಮಿಗೆ ಗಿಟಾರಿನ ಎರಡು ಪಕ್ಕ ಅಂಟಿಸಿ ಒಂದು ಮಾಡ್ಕೊಂಡಿದ್ರು, ಅದಕ್ಕೆ ಲಾಗ್, ಅಂದ್ರೆ ದಿಮ್ಮಿ, ಅಂತಾನೇ ಹೆಸರು. ಆ ಯೋಚನೆ ಇಲ್ಲಿ ಬಂದು ಚೆಂದ ಆಯ್ತು ಅಂತ ನನಗನ್ನಿಸುತ್ತೆ.

ನಮ್ಮ ಸೋದರತ್ತೆ ಮೈಸೂರಲ್ಲಿ ವೀಣೆ ನುಡಿಸೋರು. ಹಾಲಲ್ಲಿ ಯಾರಾದ್ರೂ ಜೋರಾಗಿ ಮಾತಾಡಿದ್ರೆ ಮೂಲೇಲಿಟ್ಟ ವೀಣೆಯ ತಂತಿ ತಾನಾಗೇ ಸಣ್ಣಗೆ ಝುಂ ಅನ್ನೋದು, ಅತ್ತೆ "ನೋಡು, ಅದೂ ಕೇಳಿಸ್ಕೊಳ್ತಾ ಇದೆ ಕಣೋ" ಅನ್ನೋರು. 335 ಮೊದಲ ಸಲ ಆಂಪಿಗೆ ಹಾಕಿದಾಗ ನನಗೆ ನೆನಪಾಗಿದ್ದು ಅದೇ ಮಾತು. ಫೀಡ್‌ಬ್ಯಾಕ್ ಅಂದ್ರೆ ಅಷ್ಟೇ ತಾನೆ, ಆಂಪಿಂದ ಬಂದ ದನಿ ಗಿಟಾರಿನ ಮೈಗೆ ತಾಗಿ ತಂತಿ ಅಲುಗುತ್ತೆ, ಪಿಕಪ್ ಅದನ್ನ ಹಿಡಿದು ಮತ್ತೆ ಆಂಪಿಗೆ ಕಳಿಸುತ್ತೆ. ಪೂರ್ತಿ ಟೊಳ್ಳಿನದರಲ್ಲಿ ಇದು ಒಮ್ಮೆಗೇ ಗುಡುಗುತ್ತೆ. ಇದರಲ್ಲಿ ನಡುವಿನ ದಿಮ್ಮಿ ತಡೆ ಹಿಡಿಯೋದ್ರಿಂದ ನಿಧಾನಕ್ಕೆ ಏಳುತ್ತೆ, ಒಂದು ಸ್ವರ ಹಿಡಿದು ನಿಂತ್ರೆ ಅದು ಸಾಯೋ ಬದಲು ಮೆಲ್ಲಗೆ ಬೆಳೆದು ಮೇಲಿನ ಸ್ವರಕ್ಕೆ ಅರಳುತ್ತೆ. ಆಂಪಿಂದ ಎಷ್ಟು ದೂರ ನಿಂತಿದ್ದೀನಿ, ಯಾವ ಕಡೆ ತಿರುಗಿದ್ದೀನಿ ಅನ್ನೋದರ ಮೇಲೆ ಯಾವ ಸ್ವರ ಏಳುತ್ತೆ ಅನ್ನೋದು ನಿಂತಿದೆ. ನನ್ನ ಬೇಸ್‌ಮೆಂಟಲ್ಲಿ ವಾಷಿಂಗ್ ಮಷಿನ್ ಕಡೆ ಅರ್ಧ ತಿರುಗಿ ನಿಂತ್ರೆ ಎ ಸ್ವರ ಬಿಡೋದೇ ಇಲ್ಲ, ಹಾಗೇ ಹಾಡ್ತಾ ಇರುತ್ತೆ.

ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಅವರಿಗೆ ಈ ಊಳು ಬೇಡವಾಗಿತ್ತು. ಅವರು ನುಡಿಸ್ತಾ ಇದ್ದಿದ್ದು ಇದರ ದೊಡ್ಡಣ್ಣ ಇಎಸ್-355, 1980ರಲ್ಲಿ ಗಿಬ್ಸನ್ ಅವರ ಹೆಸರಲ್ಲಿ ಲೂಸಿಲ್ ಮಾಡೆಲ್ ತಂದಾಗ ಎಫ್ ಹೋಲೇ ಇಲ್ಲದೆ ಮಾಡಿದ್ರು. ಆ ಲೂಸಿಲ್ ಹೆಸರಿನ ಕತೆ ಗೊತ್ತಲ್ಲ, 1949ರಲ್ಲಿ ಆರ್ಕನ್ಸಾದ ಟ್ವಿಸ್ಟ್ ಅನ್ನೋ ಊರಿನ ಡ್ಯಾನ್ಸ್ ಹಾಲಲ್ಲಿ ಇಬ್ಬರು ಲೂಸಿಲ್ ಅನ್ನೋ ಹೆಂಗಸಿನ ವಿಷಯಕ್ಕೆ ಹೊಡೆದಾಡಿ ಸೀಮೆಎಣ್ಣೆ ಡಬ್ಬ ಉರುಳಿ ಬೆಂಕಿ ಹತ್ತಿ, ಬಿ.ಬಿ. ಗಿಟಾರಿಗೋಸ್ಕರ ಉರಿಯೋ ಕಟ್ಟಡದೊಳಗೆ ವಾಪಸ್ ಓಡಿದ್ರು. ಆಮೇಲಿಂದ ಅವರ ಪ್ರತಿ ಗಿಟಾರಿಗೂ ಅದೇ ಹೆಸರು. ಬೆಂಕಿಯೊಳಗೆ ಓಡಿದ್ದು ನನಗೆ ಅರ್ಥ ಆಗುತ್ತೆ.

ಇನ್ನು 67ರದ್ದಕ್ಕೇ ಅಂತ ಇರೋ ಸ್ವಭಾವ. 1965ರಿಂದ ಗಿಬ್ಸನ್ ಕತ್ತಿನ ಅಗಲ ನಟ್ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರೋ ಪಟ್ಟಿ, ಪಾಟಿನ ನಟ್ ಅಲ್ಲ) ಹತ್ರ 43 ಮಿಲಿಮೀಟರಿಂದ 40ರ ಹತ್ತಿರಕ್ಕೆ ಇಳಿಸಿದ್ರು. ಮೂರು ಮಿಲಿಮೀಟರ್ ಏನು ಮಹಾ ಅನ್ಸುತ್ತೆ, ಓಪನ್ ಕಾರ್ಡ್ ಹಿಡಿದು ನೋಡಿ, ಬೆರಳು ಬೆರಳಿಗೆ ತಾಗುತ್ತೆ. ದಪ್ಪ ಬೆರಳಿನೋರು ಇದನ್ನ ಬೈದು ಬಿಟ್ಟು ಹೋಗ್ತಾರೆ, ಅದಕ್ಕೇ ಈ ವರ್ಷಗಳದ್ದು ಮೊದಲಿನದಕ್ಕಿಂತ ಕಡಿಮೆಗೆ ಸಿಗುತ್ತೆ. ಅದೇ ಟೈಮಲ್ಲಿ ತಂತಿಯ ಕೆಳತುದಿ ಹಿಡಿಯೋ ಟೇಲ್‌ಪೀಸ್ ಕೂಡ ಬದಲಾಯ್ತು, ದಿಮ್ಮಿಗೆ ಸ್ಕ್ರೂ ಹಾಕಿದ್ದರ ಬದಲು ಬಾಡಿಯ ಕೆಳಗಿನ ಅಂಚಿಂದ ನೇತಾಡೋ ಟ್ರಪೀಜ್ ಬಂತು. ಬ್ರಿಡ್ಜಿನ ಆಚೆ ಉದ್ದ ತಂತಿ ಉಳಿಯೋದ್ರಿಂದ ಸ್ವರಗಳನ್ನ ತುಂಡು ತುಂಡಾಗಿ, ಅಂದ್ರೆ ಸ್ಟಕಾಟೋ ನುಡಿಸಿ ಕೈ ಒತ್ತಿ ನಿಲ್ಲಿಸಿದ್ರೂ ಆ ಕಡೆ ಕಿಣಿಕಿಣಿ ಅಂತ ಇರುತ್ತೆ. ನಾನು ಅಲ್ಲಿ ಒಂದು ಫೆಲ್ಟ್ ಪಟ್ಟಿ ಹೆಣೆದಿದ್ದೀನಿ, ಸ್ಲೋ ಆಗಿ ನುಡಿಸೋ ದಿನ ತೆಗೆದುಬಿಡ್ತೀನಿ, ಆಗ ಆ ಕಿಣಿಕಿಣಿ ಬೇಕು. ಎಷ್ಟೋ ಜನ ಮೇಲೆ ತೂತು ಕೊರೆದು ಹಳೇ ಥರ ಮಾಡಿಸ್ಕೊಂಡಿದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ನನ್ನ ಗಿಟಾರಿನ ಹೆಡ್‌ಸ್ಟಾಕ್ (ಕತ್ತಿನ ತುದಿಯ ತಲೆ) ಒಂದ್ಸಲ ಮುರಿದು ಅಂಟಿಸಿದ್ದು. ಗಿಬ್ಸನ್‌ಗಳಿಗೆ ಇದು ಹುಟ್ಟಿನಿಂದ ಬಂದ ದೌರ್ಬಲ್ಯ, ಮಹಾಗನಿ ಕತ್ತು, ತಲೆ ಹಿಂದಕ್ಕೆ ಬಾಗಿರುತ್ತೆ, ಕತ್ತಿನೊಳಗಿನ ಸರಳು, ಅಂದ್ರೆ ಟ್ರಸ್ ರಾಡ್, ಅದರ ನಟ್ಟಿಗೆ ಅಂತ ಅದೇ ಜಾಗದಲ್ಲಿ ಮರ ಕೊರೆದಿರ್ತಾರೆ, ಸ್ಟ್ಯಾಂಡಿಂದ ಬಿದ್ರೆ ಅಲ್ಲೇ ಮುರಿಯೋದು. ಮುರಿದದ್ದಕ್ಕೇ ನನ್ನ ಕೈಗೆ ಎಟುಕಿದ್ದು. ಬ್ರಿಟಿಷ್ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಅವರ 1964ರ ಕೆಂಪು 335 ಕ್ರಿಸ್ಟೀಸ್ ಹರಾಜಲ್ಲಿ 2004ರಲ್ಲಿ 8,47,500 ಡಾಲರಿಗೆ ಹೋಗಿತ್ತು, ನನ್ನದು ಒಂದು ಸೆಕೆಂಡ್ ಹ್ಯಾಂಡ್ ಕಾರಿಗಿಂತ ಕಡಿಮೆ. ಗಾಯದ ಗೆರೆ ಬೆರಳಿಗೆ ಸಿಗುತ್ತೆ, ಟ್ಯೂನಿಂಗ್ ಮಾತ್ರ ಅಲುಗಲ್ಲ.

ಫ್ರೆಟ್‌ಬೋರ್ಡ್ ರೋಸ್‌ವುಡ್. ಅರವತ್ತರ ದಶಕದ ಕೊನೆ ಹೊತ್ತಿಗೆ ಗಿಬ್ಸನ್ನಲ್ಲಿ ಬ್ರೆಜಿಲ್ ಮರದ ಜಾಗಕ್ಕೆ ಇಂಡಿಯನ್ ರೋಸ್‌ವುಡ್ ಬರ್ತಾ ಹೋಯ್ತು, ಅಂದ್ರೆ ನಮ್ಮ ಬೀಟೆ ಮರ. ವಿಂಟೇಜ್ ಜನ ಬ್ರೆಜಿಲ್‌ದೇ ಇರ್ಲಿ ಅಂತ ಹರಕೆ ಹೊರ್ತಾರೆ. ನಾನು ಎಣ್ಣೆ ಒರೆಸುವಾಗೆಲ್ಲ ಬೀಟೆ ಆಗಿರ್ಲಿ ಅಂತ ಆಸೆ ಪಡ್ತೀನಿ.

ಚಳಿಗಾಲ ಬಂತು ಅಂದ್ರೆ ಭಯ. ಹೀಟರ್ ಓಡಿ ಓಡಿ ಮನೆ ಒಣಗಿ ಹೋಗುತ್ತೆ, ಮರ ಕುಗ್ಗಿ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ತುದಿ ಕೈಗೆ ಚುಚ್ಚುತ್ತೆ, ಹಳೇ ನೈಟ್ರೋಸೆಲ್ಯುಲೋಸ್ ಪಾಲಿಶು ಚಳಿಯಿಂದ ಒಮ್ಮೆಗೇ ಬೆಚ್ಚಗಿನ ರೂಮಿಗೆ ತಂದ್ರೆ ಜೇಡರ ಬಲೆ ಥರ ಬಿರುಕು ಬಿಡುತ್ತೆ. ಕೇಸ್ ತಂದು ಎರಡು ಗಂಟೆ ಮುಚ್ಚೇ ಇಡ್ತೀನಿ. ಆಮೇಲೆ ತೆಗೆದಾಗ ಬರೋ ವಾಸನೆ ಇದೆಯಲ್ಲ, ಹಳೇ ಮರ, ಪಾಲಿಶು, ಸ್ವಲ್ಪ ಸಿಹಿ, ಅದಕ್ಕೇ ಮೂಗು ಎಫ್ ಹೋಲ್ ಹತ್ರ ಇಟ್ಕೊಂಡು ಒಂದು ನಿಮಿಷ ಕೂತಿರ್ತೀನಿ.

ಭಾನುವಾರ ಸಂಜೆ ಎಲ್ಲಾ ಜೋಡಿಸಿ ತಂತಿ ಕಟ್ಟಿ ಸ್ವಿಚ್ಚನ್ನ ನಡುವಿಗೆ ಹಾಕಿ ಒಂದು ಇ ಕಾರ್ಡ್ ಎಳೆದೆ. ಕರಕರ ಹೋಗಿದೆ. ವಾಲ್ಯೂಮನ್ನ ಆರಕ್ಕೆ ಇಳಿಸಿದ್ರೆ ಮೊದಲು ಕೆಸರಾಗ್ತಾ ಇದ್ದ ದನಿ ಈಗ ತಿಳಿಯಾಗಿ ಬರುತ್ತೆ. ಬ್ರಿಡ್ಜ್ ಪಿಕಪ್ಪಿನ ಟೋನ್ ಪಾಟ್ ಇನ್ನೂ ಸ್ವಲ್ಪ ಬಿಗಿ ಇದೆ, ಅದನ್ನ ಮುಟ್ಟಲ್ಲ. ಅಕ್ವೇರಿಯಂ ಟ್ಯೂಬ್ ಮಾತ್ರ ಕೇಸಿನ ಡಬ್ಬಿಯಲ್ಲೇ ಇಟ್ಟಿದ್ದೀನಿ.