ಮೂವತ್ತೊಂದು ನಿಮಿಷದ ಅರಮನೆ

ಕೊನೆಗೂ ಬಂತು! ನಿನ್ನೆ ರಾತ್ರಿ ಬಚ್ಚಲುಮನೆಯ ಹಗ್ಗಕ್ಕೆ ಒದ್ದೆ ನೆಗೆಟಿವ್ ನೇತುಹಾಕಿ, ಟಾರ್ಚ್ ಹಿಡಿದು ನೋಡಿದೆ. ಅರಮನೆ ಇದೆ. ಮಗಳೂ ಇದ್ದಾಳೆ. ಇಬ್ಬರೂ ಒಂದೇ ಚೌಕದಲ್ಲಿ! ಇಷ್ಟಕ್ಕೆ ಮೂರು ತಿಂಗಳು ಹಿಡಿಯಿತು.

ಮಗಳಿಗೆ ಹತ್ತು ತುಂಬಿತು. ಕೇಕು ಬೇಡ, ಬಲೂನು ಬೇಡ, ಮೈಸೂರಿಗೆ ಹೋಗೋಣ ಅಂದಳು. ದೀಪ ಹಚ್ಚಿದ ಅರಮನೆ ಮುಂದೆ ಅವಳ ಫೋಟೋ ತೆಗೀಬೇಕು, ಅದೂ "ಅಪ್ಪನ ಪೆಟ್ಟಿಗೆಯಲ್ಲಿ". ಪೆಟ್ಟಿಗೆ ಅಂದರೆ ನನ್ನ ಪಿನ್‌ಹೋಲ್ ಕ್ಯಾಮೆರಾ, ಲೆನ್ಸಿನ ಬದಲು ಸೂಜಿಮೊನೆಯಷ್ಟು ತೂತಿರುವ ಕತ್ತಲ ಡಬ್ಬ. 120 ಅನ್ನೋ ಅಗಲದ ಫಿಲ್ಮು, ಚಿತ್ರ ಆರು ಸೆಂಟಿಮೀಟರ್ ಚೌಕ, ತೂತಿನಿಂದ ಫಿಲ್ಮಿಗೆ 75 ಮಿಲಿಮೀಟರ್, ತೂತಿನ ಅಗಲ 0.38. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಎಫ್/200 ಅಂತಿಟ್ಟುಕೊಳ್ಳಿ; ಈ ಅಂಕಿ ದೊಡ್ಡದಾದಷ್ಟು ಒಳಗೆ ಬರುವ ಬೆಳಕು ಕಮ್ಮಿ.

ಮೊದಲ ಭಾನುವಾರ ಮಂಡ್ಯದಿಂದ ಒಬ್ಬನೇ ರೈಲು ಹತ್ತಿದೆ. ಸುಮಾರು 97,000 ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಎಷ್ಟು ಸಲ ನೋಡಿದ್ದರೂ ಎದೆ ಝಲ್ ಅನ್ನುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಅಳೆದೆ. ಐಎಸ್‌ಒ (ಫಿಲ್ಮಿನ ಚುರುಕಿನ ಅಂಕಿ) 400, ಎಫ್/8, ಅರ್ಧ ಸೆಕೆಂಡು. ಎಫ್/200ಕ್ಕೆ ಅದರ 625 ಪಟ್ಟು, ಅಂದರೆ 312 ಸೆಕೆಂಡು. ಐದು ನಿಮಿಷದ ಮೇಲೆ ಸ್ವಲ್ಪ ಕೊಟ್ಟು ಬಂದೆ. ತೊಳೆದು ನೋಡಿದರೆ ಬಲ್ಬಿನ ಚುಕ್ಕೆ ಬಿಟ್ಟು ಬೇರೇನೂ ಇಲ್ಲ.

ರೆಸಿಪ್ರಾಸಿಟಿ ಲೆಕ್ಕ ಬಿಟ್ಟುಹೋಗಿತ್ತು. ಮಂದ ಬೆಳಕಲ್ಲಿ ತುಂಬ ಹೊತ್ತು ತೆರೆದಿಟ್ಟರೆ ಫಿಲ್ಮಿನ ಚುರುಕು ಕಮ್ಮಿಯಾಗುತ್ತಾ ಹೋಗುತ್ತದೆ. ನಾನು ಹಾಕಿದ್ದ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಅದನ್ನು ತಯಾರಿಸುವ ಇಲ್ಫರ್ಡ್‌ನವರು ಕೊಟ್ಟಿರುವ ಅಂಕಿ 1.31. ಅಳೆದ ಸೆಕೆಂಡಿಗೆ ಅಷ್ಟು ಘಾತ ಹಾಕಬೇಕು. 312 ಹೋಗಿ 1,850 ಆಯಿತು, ಮೂವತ್ತೊಂದು ನಿಮಿಷ! ಭಾನುವಾರದ ದೀಪ ಇರೋದೇ ಮುಕ್ಕಾಲು ಗಂಟೆ. ಒಂದೇ ಏಟು, ತಪ್ಪಿದರೆ ಮುಂದಿನ ವಾರ.

ಇದರ ಮಧ್ಯೆ ಫಿಲ್ಮಿನ ಗೋಳು. ತರಿಸಿದ ಎರಡು ರೋಲಿನ ಡಬ್ಬದ ಮೇಲೆ ಬೆಲೆ ಚೀಟಿ ಅಂಟಿಸಿದ್ದರು. ಉಗುರಲ್ಲಿ ಕೆರೆದರೆ ಅಡಿಯಲ್ಲಿ ಅವಧಿ ಮುಗಿದ ತಾರೀಖು! ಫೋನ್ ಮಾಡಿದರೆ "ಫ್ರಿಜ್ಜಲ್ಲೇ ಇಟ್ಟಿದ್ವಿ ಸಾರ್" ಅಂದರು. ಇಷ್ಟು ದುಡ್ಡು ಕೊಟ್ಟು ಕೊಳ್ಳುವವನಿಗೆ ಹೀಗೆ ಮಾಡಬಾರದು. ಬದಲಿ ರೋಲು ಬರಲು ಮೂರು ವಾರ ಆಯಿತು.

ಎರಡನೇ ಸಲ ಅರಮನೆ ಚೆನ್ನಾಗಿ ಬಂತು. ಮಗಳ ಬದಲು ಕೂರಿಸಿದ್ದ ತಂಗಿ ಮಗ ಮಾತ್ರ ಕೆಟ್ಟ. ಬೆಳಕೆಲ್ಲ ಬೆನ್ನ ಹಿಂದೆ, ಹಾಗಾಗಿ ಮುಖ ಕಪ್ಪು. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿದು ಎದ್ದುಬಿಟ್ಟ. ಆಮೇಲೆ ಅವನ ಎದೆಯ ಮೇಲೇ ಬಲ್ಬಿನ ಸಾಲು ಮೂಡಿದೆ.

ಮುಖಕ್ಕೆ ಫ್ಲಾಶ್ ಹೊಡೆದರೆ? ನನ್ನ ಹಳೇ ಫ್ಲಾಶಿನ ಗೈಡ್ ನಂಬರ್, ಅಂದರೆ ಅದರ ಬೆಳಕಿನ ಶಕ್ತಿ ಹೇಳುವ ಅಂಕಿ, ಐಎಸ್‌ಒ 100ಕ್ಕೆ 36, ಹಾಗಾಗಿ 400ಕ್ಕೆ 72. ಒಂದು ಮೀಟರ್ ದೂರದಿಂದ ಎಫ್/200ಕ್ಕೆ ಎಂಟು ಸಲ ಹೊಡೆಯಬೇಕು. ಮನೆ ತಾರಸಿಯಲ್ಲಿ ಮಾಡಿ ನೋಡಿದೆ, ಸರಿಹೋಯಿತು. ಆದರೆ ಅವಳು ಎದ್ದ ಮೇಲೆ ಹಿಂದಿನ ಅರಮನೆ ಅವಳ ಮೇಲೆ ಮೂಡುತ್ತದಲ್ಲ, ಅದಕ್ಕೇನು ಮಾಡೋದು? ಇದೊಂದೇ ಪ್ರಶ್ನೆ ಹಿಡಿದು ಹದಿನೈದು ದಿನ ಒದ್ದಾಡಿದೆ.



ದಾರಿ ತೋರಿಸಿದ್ದು ಮಗಳೇ. ಜಮಖಾನದ ಮೇಲೆ ಬೋರಲು ಮಲಗಿ, ಕೈ ಮೇಲೆ ಗಲ್ಲ ಊರಿ ಓದುತ್ತಿದ್ದಳು. ಅವಳ ಹಿಂದೆ ಕಾಣುತ್ತಿದ್ದದ್ದು ಬರೀ ನೆಲ. ಆಗ ಹೊಳೆಯಿತು. ತಲೆ ಕ್ಯಾಮೆರಾಗಿಂತ ಕೆಳಗಿದ್ದರೆ ಅವಳ ಹಿಂದೆ ಬರೋದು ಕತ್ತಲ ನೆಲ. ದೀಪದ ಅರಮನೆ ಅದಕ್ಕಿಂತ ಮೇಲೆ ಉಳಿಯುತ್ತದೆ. ಪಿನ್‌ಹೋಲಿಗೆ ಫೋಕಸ್ ಗೊಡವೆಯೂ ಇಲ್ಲ. ಒಂದು ಮೀಟರಿನ ಮುಖ, ಇನ್ನೂರು ಮೀಟರಿನ ಗೋಪುರ, ಎರಡೂ ಒಂದೇ ಹದ. 145 ಅಡಿ ಗೋಪುರ ನೆಗೆಟಿವ್‌ನಲ್ಲಿ ಸುಮಾರು ಹದಿನಾರೂವರೆ ಮಿಲಿಮೀಟರ್.

"ಅಂದ್ರೆ ನಾನ್ ಎದ್ದೋದ್ರೂ ಫೋಟೋದಲ್ಲಿ ಇರ್ತೀನಾ ಅಪ್ಪ?"

"ಇರ್ತೀಯ ಪುಟ್ಟಿ."

ಆ ಭಾನುವಾರ ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ರೈಲ್ವೆ ಮ್ಯೂಸಿಯಂ, ಆಮೇಲೆ ಬಿಸಿ ಮೈಸೂರು ಪಾಕು. ಆರೂವರೆಗೆ ಅರಮನೆ ಅಂಗಳ. ಸ್ಟ್ಯಾಂಡ್ ಬೇಡ ಅಂತ ಕಾವಲಿನವರು ಮೊದಲೇ ಹೇಳಿದ್ದರು. ಮಂಡಿನೋವಿಗೆ ಅಂತ ಅಮ್ಮ ತಂದಿದ್ದ ಮಡಚೋ ಸ್ಟೂಲನ್ನೇ ಇಸ್ಕೊಂಡೆ. ಅದರ ಮೇಲೆ ಒಂದು ಕಿಲೋ ರಾಗಿ ತುಂಬಿದ ಬಟ್ಟೆ ಚೀಲ, ಅದರೊಳಗೆ ಕ್ಯಾಮೆರಾ ಒತ್ತಿದೆ. ರಾಗಿ ಸರಿದು ಪೆಟ್ಟಿಗೆಯನ್ನು ಕಚ್ಚಿ ಹಿಡಿಯಿತು. ಮಿಸುಕಲಿಲ್ಲ.

ಫ್ಲಾಶಿಗೆ ಕಣ್ಣು ಮಿಟುಕುವ ತೊಂದರೆಗೂ ಅವಳೇ ಉತ್ತರ ಹೇಳಿದಳು: "ನಿದ್ದೆ ಮಾಡ್ದಂಗೆ ಕಣ್ಮುಚ್ಕೊಂಡೇ ಇರ್ತೀನಿ." ದೀಪ ಹತ್ತಿತು, ಮುಚ್ಚಳ ತೆಗೆದೆ. ಎಂಟು ಸಲ ಫ್ಲಾಶ್. ಪ್ರತಿ ಸಲ ಅದು ಚಾರ್ಜ್ ಆಗುವವರೆಗೆ ಅವಳು ಉಸಿರು ಬಿಗಿ ಹಿಡಿದಿದ್ದಳು. ಆಮೇಲೆ ಎದ್ದು ಅವರಮ್ಮನ ಜೊತೆ ಚುರುಮುರಿ ತಿನ್ನಲು ಹೋದಳು. ಅಮ್ಮ ಜಮಖಾನದ ಪಕ್ಕ ನೆಲದಲ್ಲೇ ಕೂತು, "ಒಸಿ ಆ ಕಡೆ ಹೋಗ್ರಪ್ಪ" ಅಂತ ಬಂದವರನ್ನೆಲ್ಲ ಕಳಿಸುತ್ತಾ ಮೂವತ್ತೊಂದು ನಿಮಿಷ ಕಾದರು.

ನೆಗೆಟಿವ್‌ನಲ್ಲಿ ನಡೆದಾಡಿದ ಜನ ಮಾಯವಾಗಿದ್ದಾರೆ. ನಿಂತೇ ಇದ್ದವರಿಂದ ಕೆಳಗಂತಸ್ತು ಸ್ವಲ್ಪ ಮಂಕು. ಎಡಗಡೆ ಮಾತ್ರ ಒಂದು ಅಲುಗಾಡಿದ ಬೆಳಕಿನ ಉಂಡೆ. ದೀಪದ ಬಲೂನು ಹಿಡಿದು ಯಾವುದೋ ಮಗು ತುಂಬ ಹೊತ್ತು ನಿಂತಿರಬೇಕು. ಪ್ರಿಂಟ್ ಮಾಡುವಾಗ ಅದನ್ನು ತೆಗೆಯಲಾ ಅಂತ ಇವತ್ತು ಬೆಳಿಗ್ಗೆ ಕೇಳಿದೆ.

"ಬೇಡ ಅಪ್ಪ, ಇರಲಿ. ಬಲೂನು ಬೇಡ ಅಂದಿದ್ದೆ, ತಾನೇ ಬಂದಿದೆ."